ಸಂಕ್ರಾಂತಿ ಓಟ: ಬಿಬ್ ಇಲ್ಲ, ಚಿಪ್ ಇಲ್ಲ, ಬರೀ ಉಲನ್ ದಾರ

ಹಬ್ಬದ ಬೆಳಿಗ್ಗೆ ಓಟ ಇಟ್ಟರೆ ಯಾರೂ ಬರಲ್ಲ, ಬಂದರೂ ಬಿಬ್ (ಎದೆಗೆ ಹಚ್ಚುವ ನಂಬರ್ ಚೀಟಿ) ಇಲ್ಲದೆ ಲೆಕ್ಕ ಇಡೋಕಾಗಲ್ಲ ಅಂತ ತುಮಕೂರಿನ ಓಟದ ಬಳಗದಲ್ಲೇ ಬಹಳ ಜನ ತಲೆ ಅಲ್ಲಾಡಿಸಿದ್ದರು. ಆದರೂ ಸಂಕ್ರಾಂತಿ ದಿನ ಹತ್ತಿರ ಹತ್ತಿರ 230 ಜನ ಓಡಿದರು. ಎಂಟು ಗಂಟೆಗೆಲ್ಲ ರಸ್ತೆ ಖಾಲಿ, ಬಿಬ್ ಬದಲು ಮಣಿಕಟ್ಟಿಗೆ ಕಟ್ಟಿದ ದಾರದ ಲೆಕ್ಕ ಸರಿಸಮ. ಬಿಬ್ ಹಚ್ಚಿ, ಸಮಯ ಹಿಡಿಯುವ ಚಿಪ್ ಕಟ್ಟಿ ಮಾಡುವವರೂ ಇಷ್ಟು ಬೇಗ ಅಂಗಡಿ ಮುಚ್ಚೋದು ಕಷ್ಟ.

ನೀವೂ ಇಂಥ ಓಟ ಇಡೋದಾದರೆ, ಮೊದಲು ದಾರಿ. ಊರ ಹೊರಗಿನ ಕಾಡುಬೆಟ್ಟ ದೇವರಾಯನದುರ್ಗದ ರಸ್ತೆ ಎಲ್ಲರಿಗೂ ಆಸೆ ಹುಟ್ಟಿಸುತ್ತೆ. ಆದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ನಸುಕಿನಲ್ಲಿ ಚಿರತೆಯ ಭಯ, ಬಾಳೆಹಣ್ಣಿನ ಬುಟ್ಟಿ ಇಟ್ಟಲ್ಲಿ ಕೋತಿಗಳ ದರ್ಬಾರು. ಊರೊಳಗಾದರೆ ಒಂದೇ ಮಾತು: ಊರಿನ ಮುಖ್ಯ ರಸ್ತೆ ಬಿ.ಎಚ್. ರಸ್ತೆಯನ್ನ ದಾಟಿಸಬೇಡಿ. ನಾವು ಬಡಾವಣೆಯೊಳಗೇ, ಎಲ್ಲ ತಿರುವೂ ಎಡಕ್ಕೇ ಬರುವ ಸುತ್ತು ಆರಿಸಿಕೊಂಡ್ವಿ. ಎಡಬದಿಯಲ್ಲೇ ಓಡಿ ಎಡಕ್ಕೇ ತಿರುಗಿದರೆ ಯಾರೂ ರಸ್ತೆಗೆ ಅಡ್ಡ ಬರಲ್ಲ, ಮೂಲೆಗೊಬ್ಬ ಹುಡುಗ ಸಾಕು. ಅಳತೆಗೆ ಮೊಬೈಲ್ ನಂಬಬೇಡಿ, ಮರದಡಿ ಮತ್ತು ತಿರುವಿನಲ್ಲಿ ಅದು ತಪ್ಪುತ್ತೆ. ಹಳೇ 28 ಇಂಚಿನ ಸೈಕಲ್ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತೆ. ಟೈರಿಗೆ ಸುಣ್ಣದ ಗುರುತು ಹಾಕಿ, ಹತ್ತು ಸುತ್ತು ಉರುಳಿಸಿ, ಟೇಪಿನಲ್ಲಿ ಅಳೆದು ನಿಮ್ಮ ಚಕ್ರದ ಅಂಕಿ ಹಿಡಿಯಿರಿ. ನಮ್ಮ ದಾರಿಯ ಒಂದು ಸುತ್ತಿಗೆ ಚಕ್ರ 750 ಸಲದ ಆಸುಪಾಸು ಉರುಳಿತು. ಮೂರು ಸುತ್ತಿಗೆ ಐದು ಕಿಲೋಮೀಟರಿಗೆ ಚೂರು ಕಮ್ಮಿ. ಮಕ್ಕಳಿಗೂ ವಯಸ್ಸಾದವರಿಗೂ ಎರಡು ಸುತ್ತು.

ಹಬ್ಬದ ದಿನ ಬೇರೆ ಯಾವ ಓಟದಲ್ಲೂ ಇಲ್ಲದ ಒಂದು ತೊಡಕಿದೆ, ರಂಗೋಲಿ. ಐದೂವರೆಗೆ ಗೇಟಿನ ಮುಂದೆ ಸಾರಿಸಿ, ಆರೂವರೆ ಹೊತ್ತಿಗೆ ಅರ್ಧ ರಸ್ತೆವರೆಗೂ ಚುಕ್ಕಿ ಇಟ್ಟಿರುತ್ತಾರೆ. ಅದರ ಮೇಲೆ ಒಂದು ಶೂ ಬಿದ್ದರೂ ಬೀದಿಯ ಅಮ್ಮಂದಿರೆಲ್ಲ ಹೊರಗೆ. ಸಿಮೆಂಟ್ ರಸ್ತೆಯಲ್ಲಿ ಸಗಣಿ ನೀರು ಒಣಗುವ ಮುಂಚೆ ಕಾಲಿಟ್ಟರೆ ಜಾರೋದೂ ನಿಜ. ಅದಕ್ಕೇ ಸುತ್ತಿನ ಒಳಬದಿಗೆ ಪಾರ್ಕು, ಖಾಲಿ ಸೈಟು, ಉದ್ದನೆಯ ಕಾಂಪೌಂಡ್ ಇರುವ ಬೀದಿಗಳನ್ನೇ ಹುಡುಕಿ. ಮನೆ ಸಿಗುವ ಕಡೆ ಎರಡು ದಿನ ಮುಂಚೆ ಹೋಗಿ ಹೇಳಿ ಬನ್ನಿ. ಹಾಗೆ ಹೇಳಿ ಬಂದ ಮನೆಯವರೇ ಆಮೇಲೆ ಚಪ್ಪಾಳೆ ತಟ್ಟಲು ಗೇಟಿಗೆ ಬಂದು ನಿಲ್ಲುತ್ತಾರೆ.

ನಾಯಿಗಳ ವಿಷಯಕ್ಕೆ ಕೋಲು ಹಿಡಿದವರು ಬೇಡ. ಆ ಬೀದಿಯಲ್ಲಿ ದಿನಾ ಅನ್ನ ಹಾಕುವವರನ್ನೇ ಬಿಸ್ಕತ್ ಪೊಟ್ಟಣದ ಜೊತೆ ಅದೇ ಮೂಲೆಗೆ ನಿಲ್ಲಿಸಿ. ಅವರು ನಿಂತಷ್ಟು ಹೊತ್ತು ನಾಯಿಗೆ ಓಟಗಾರರು ಕಣ್ಣಿಗೇ ಬೀಳಲ್ಲ.

ಈಗ ದಾರ. ಕಾಗದದ ಟೋಕನ್ ಬೆವರಿಗೆ ನೆನೆದು ಹಿಟ್ಟಾಗುತ್ತೆ. ಕೈಮೇಲಿನ ರಬ್ಬರ್ ಸ್ಟಾಂಪ್ ಪ್ರಯೋಗದಲ್ಲೇ ಅಳಿಸಿ ಹೋಯ್ತು. ಮತದಾನದ ಶಾಯಿ ಹಚ್ಚಿ ಅಂತ ಒಬ್ಬರು ಸಲಹೆ ಕೊಟ್ಟರು, ಮೈಸೂರಿನ ಕಾರ್ಖಾನೆ ಅದನ್ನ ನಮ್ಮಂಥವರಿಗೆ ಮಾರಲ್ಲ. ಕೊನೆಗೆ ನಿಂತದ್ದು ಉಲನ್ ದಾರ. ಮೂರು ಸುತ್ತಿಗೆ ಕೆಂಪು, ಎರಡು ಸುತ್ತಿಗೆ ಹಸಿರು. ಒಂದು ಗೇಣಿಗಿಂತ ಸ್ವಲ್ಪ ಉದ್ದ ಕತ್ತರಿಸಿ, ಐವತ್ತರ ಕಟ್ಟು ಮಾಡಿ ಇಟ್ಟುಕೊಳ್ಳಿ. ದುಡ್ಡು ತಗೊಂಡ ತಕ್ಷಣ ಮಣಿಕಟ್ಟಿಗೆ ಕಟ್ಟಿ. ಮುಗಿಸಿ ಬಂದವರ ದಾರ ಕತ್ತರಿಸಿ ಸ್ಟೀಲ್ ಬೇಸಿನ್‌ಗೆ ಹಾಕಿ, ಎಲ್ಲು-ಬೆಲ್ಲ ಕೈಗಿಡಿ, ತಿಂಡಿ ಸಾಲಿಗೆ ಕಳಿಸಿ. ಕಟ್ಟಿನಲ್ಲಿ ಉಳಿದದ್ದು ಮತ್ತು ಬೇಸಿನ್‌ನಲ್ಲಿ ಬಿದ್ದದ್ದು ಕೂಡಿಸಿ, ಮೊದಲು ಕತ್ತರಿಸಿಟ್ಟ ಒಟ್ಟು ದಾರದಿಂದ ಕಳೆದರೆ ಇನ್ನೂ ಎಷ್ಟು ಜನ ರಸ್ತೆಯಲ್ಲಿದ್ದಾರೆ ಅನ್ನೋದು ಯಾವ ಗಳಿಗೆಯಲ್ಲಾದರೂ ಗೊತ್ತಾಗುತ್ತೆ. ಲೆಕ್ಕ ಕೆಡಿಸೋರು ಅರ್ಧದಲ್ಲೇ ಮನೆ ಕಡೆ ತಿರುಗುವವರು. ಅದಕ್ಕೆ ಮೂಲೆಯ ಹುಡುಗರ ಕೈಲೂ ಒಂದೊಂದು ಕತ್ತರಿ. ಕೊನೆಯವರ ಹಿಂದೆ ಒಂದು ಸೈಕಲ್. ಜಾರಿಸಿ ತೆಗೆದು ಇನ್ನೊಬ್ಬರಿಗೆ ಹಾಕಲಾಗದ ಗಂಟು ಒಂದಿದೆ, ಅದನ್ನ ಇಲ್ಲಿ ಬರೆಯಲ್ಲ.

ದುಡ್ಡಿನ ಮಾತು. ತಲೆಗೆ 60 ರೂಪಾಯಿ, ಕೂಡಿದ್ದು ಹದಿಮೂರು ಸಾವಿರದ ಮೇಲೆ. ಪದಕ ಅಂದಿದ್ದರೆ ಅದೊಂದಕ್ಕೇ ಹದಿನೆಂಟು ಸಾವಿರ, ಟೀಶರ್ಟ್ ಅಂದರೆ ನಲವತ್ತು ಸಾವಿರ ದಾಟುತ್ತಿತ್ತು. ಪದಕದ ಬದಲು 40 ಗ್ರಾಂ ಎಲ್ಲು-ಬೆಲ್ಲ, ಪೊಟ್ಟಣಕ್ಕೆ 12 ರೂಪಾಯಿ ಬಿತ್ತು. ಕೊಬ್ಬರಿ ತಿಪಟೂರಿನದೇ ಆಗಲಿ, ನಮ್ಮ ಜಿಲ್ಲೆಯಲ್ಲಿ ಅದರಲ್ಲಿ ರಾಜಿ ಬೇಡ. ತಿಂಡಿ ಅವರೆಕಾಳು ಉಪ್ಪಿಟ್ಟು, ಕೇಸರಿಬಾತ್, ಪ್ಲೇಟಿಗೆ 40. ಒಂದು ಕಿಲೋ ರವೆಗೆ ಹನ್ನೊಂದು ಹನ್ನೆರಡು ಪ್ಲೇಟು. ಮೂರು ಕಿಲೋ ಅವರೆಕಾಯಿ ಸುಲಿದರೆ ಒಂದು ಕಿಲೋ ಕಾಳು ಬಂದರೆ ಪುಣ್ಯ, ಹಿಂದಿನ ರಾತ್ರಿ ಸುಲಿಯೋಕೆ ಕೈಗಳು ಬೇಕು. ಪೂಜೆ ಆಗದೆ ತಿನ್ನದವರು ಕಾಲು ಭಾಗ ಇರುತ್ತಾರೆ, ಹಾಗಾಗಿ 170 ಪ್ಲೇಟಿಗಷ್ಟೇ ಹೇಳಿದ್ವಿ, ಸರಿಯಾಯ್ತು. 108 ತುರ್ತಿಗೆ ಕರೆಯೋದು, ಕಾವಲಿಗೆ ನಿಲ್ಲಿಸೋದಲ್ಲ. ಖಾಸಗಿ ಆಂಬುಲೆನ್ಸ್‌ಗೆ ಎರಡೂವರೆ ಸಾವಿರ ಹೋಯ್ತು. ಶಾಮಿಯಾನದವರಿಗೆ ಒಂದೂವರೆ ಸಾವಿರ. ನೀರು, ದಾರ, ಸುಣ್ಣ ಎಲ್ಲ ಸೇರಿ ಐನೂರರ ಒಳಗೆ. ಕೈಯಿಂದ ಹೋದದ್ದು ನಾಲ್ಕೈದು ನೂರು.

ಪೊಲೀಸ್ ಠಾಣೆಗೆ, ಪಾಲಿಕೆಗೆ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳೋದು ನಿಮಗೆ ಗೊತ್ತಿರುವುದೇ. ಮೈಕು ಬೆಳಿಗ್ಗೆ ಆರರ ಮುಂಚೆ ಹಚ್ಚಬೇಡಿ. ಜನವರಿ ನಡುವೆ ನಮ್ಮಲ್ಲಿ ಸೂರ್ಯ ಹುಟ್ಟೋದೇ ಆರೂ ಮುಕ್ಕಾಲಿಗೆ, ಓಟ ಬಿಡೋದೂ ಆಗಲೇ. ಏಳೂ ಮುಕ್ಕಾಲಿಗೆ ಮುಗಿದರೆ ಮನೆಗೆ ಹೋಗಿ ಸ್ನಾನ, ಪೂಜೆಗೆ ಸಮಯ ಸಿಗುತ್ತೆ. ಹೆಂಗಸರು ಒಳ್ಳೇ ಸಂಖ್ಯೆಯಲ್ಲಿ ಬಂದದ್ದು ಇದರಿಂದಲೇ.

ಜೊತೆಗೆ ಇನ್ನೊಂದು ಪ್ರಯೋಗ. ಗ್ಲೂಕೋಸ್ ಬದಲು ಮಜ್ಜಿಗೆ ಹಾಕಿದ ರಾಗಿ ಅಂಬಲಿ ಇಟ್ಟಿದ್ವಿ. ಎರಡನೇ ಸುತ್ತಿನಲ್ಲಿ ಕುಡಿದವರು ಪಕ್ಕೆ ಹಿಡಿದು ನಿಂತರು. ಅದೇ ಅಂಬಲಿ, ಮುಗಿಸಿ ಬಂದವರಿಗೆ ಬೆಚ್ಚಗೆ ಕೊಟ್ಟಾಗ ಪಾತ್ರೆ ತಳ ಕಂಡಿತು. ಓಡುವಾಗ ಬರೀ ನೀರು, ಅದೂ ಅರ್ಧ ಲೋಟ.

ಪೇಪರ್ ಕಪ್ ಬೇಡ ಅಂತ ಶಾಮಿಯಾನದವರ ಸ್ಟೀಲ್ ಲೋಟ ತಂದಿದ್ವಿ. ತರುವಾಗ ಅವರ ಎದುರೇ ಎಣಿಸಿ, ವಾಪಸ್ ಕೊಡುವಾಗಲೂ ಎಣಿಸಿ. ಕಳೆದ ಲೋಟಕ್ಕೆ ಹೊಸದರ ಬೆಲೆಯನ್ನೇ ಹಾಕುತ್ತಾರೆ.