ಮಗಳ ಜೊತೆ ಕೂತು ‘ಗಾಬ್ಲಿನ್’ ನೋಡಿದ್ದು

ಹತ್ತನೆಯ ತರಗತಿಯ ಮಗಳು ‘ಗಾಬ್ಲಿನ್’ ನೋಡುತ್ತೇನೆ ಎಂದಾಗ ನಾನು ಒಪ್ಪಲೂ ಇಲ್ಲ, ನಿರಾಕರಿಸಲೂ ಇಲ್ಲ. ಮೊದಲು ಹದಿನಾರೂ ಕಂತುಗಳನ್ನು ಒಬ್ಬಳೇ ನೋಡಿದೆ. 2016ರ ಡಿಸೆಂಬರ್‌ನಿಂದ 2017ರ ಜನವರಿವರೆಗೆ ಕೊರಿಯಾದ ಟಿವಿಎನ್ ವಾಹಿನಿಯಲ್ಲಿ ಬಂದ ಈ ಧಾರಾವಾಹಿಯನ್ನು ಅಲ್ಲಿ ಹದಿನೈದು ತುಂಬಿದವರು ನೋಡಬಹುದು. ರಕ್ತ, ಬೈಗುಳ, ಮುತ್ತುಗಳ ಮಟ್ಟಿಗೆ ಈ ಮಿತಿ ಸರಿಯೇ. ನನಗೆ ತಿಳಿಯಬೇಕಿದ್ದದ್ದು, ಮರುಹುಟ್ಟಿನ ಪ್ರೇಮಕಥೆ ಆ ವಯಸ್ಸಿನ ಮನಸ್ಸಿನಲ್ಲಿ ಏನನ್ನು ಉಳಿಸಿ ಹೋಗುತ್ತದೆ ಎಂಬುದು.

ಕೊರಿಯಾದ ಹಳೆಯ ಗೊರ್ಯೊ ರಾಜವಂಶದ ಕಾಲದ ಸೇನಾಪತಿ ಕಿಮ್ ಶಿನ್ ತನ್ನ ದೊರೆಯ ಆಜ್ಞೆಯಿಂದಲೇ ಹತನಾಗಿ, ಎದೆಯಲ್ಲಿ ನೆಟ್ಟ ಕತ್ತಿಯೊಂದಿಗೆ ಸಾವಿಲ್ಲದ ‘ಗಾಬ್ಲಿನ್’ ಆಗುತ್ತಾನೆ. ಆ ಕತ್ತಿ ಕಿತ್ತರೆ ಅವನಿಗೆ ಬಿಡುಗಡೆ. ಕೀಳಬಲ್ಲವಳು ಜಿ ಉನ್‌ತಕ್, ಹೈಸ್ಕೂಲಿನ ಕೊನೆಯ ವರ್ಷದ ಹುಡುಗಿ. ನಮ್ಮಲ್ಲಾದರೆ ದ್ವಿತೀಯ ಪಿಯುಸಿ. ಹಳೆಯ ಕೊರಿಯನ್ ಲೆಕ್ಕದಲ್ಲಿ ಅವಳಿಗೆ ಹತ್ತೊಂಬತ್ತು, ಅಂದರೆ ನಮ್ಮ ಲೆಕ್ಕದಲ್ಲಿ ಇನ್ನೂ ಕಡಿಮೆ. ಅವನಿಗೆ 939. ಪ್ರೇಮ ಮೊಳೆಯುವಾಗ ಅವಳು ಶಾಲಾ ಸಮವಸ್ತ್ರದಲ್ಲಿಯೇ ಇರುತ್ತಾಳೆ. ಮದುವೆಯಾಗುವುದು ಒಂಬತ್ತು ವರ್ಷಗಳ ಅಗಲಿಕೆಯ ನಂತರ, ನಿಜ. ಆದರೂ ಮೊದಲರ್ಧ ನನಗೆ ಇರಿಸುಮುರಿಸು ತಂದಿತು, ಅದನ್ನು ಮಗಳಿಂದ ಮುಚ್ಚಿಡಲಿಲ್ಲ. ಉನ್‌ತಕ್ ತಾಯಿಯಿಲ್ಲದವಳು. ಚಿಕ್ಕಮ್ಮನ ಮನೆಯಲ್ಲಿ ಹಿಂಸೆ, ಶಾಲೆಯಲ್ಲಿ ಗೆಳತಿಯರಿಲ್ಲ. ಅಂಥವಳಿಗೆ ಸೂರು ಕೊಟ್ಟು ಕಾಪಾಡುವವನು ಅವನು. “ಅವಳಿಗೆ ಹೋಗಲು ಬೇರೆ ಮನೆಯಿದ್ದಿದ್ದರೆ ಅವನನ್ನೇ ಪ್ರೀತಿಸುತ್ತಿದ್ದಳೇ?” ಎಂದು ಕೇಳಿದೆ. ಮಗಳು ಕೂಡಲೇ ಉತ್ತರಿಸಲಿಲ್ಲ. ಕೆಲವು ಕಂತುಗಳಾದ ಮೇಲೆ ತಾನಾಗಿಯೇ, “ಅಮ್ಮ, ಅವಳು ಕೆಲಸಕ್ಕೆ ಸೇರಿದ ಮೇಲೆ ಮತ್ತೆ ಅವನನ್ನು ಆರಿಸಿಕೊಂಡಿದ್ದೇ ನನಗೆ ಇಷ್ಟವಾಯಿತು” ಎಂದಳು.

ನೋಡಿದ್ದು ನಡುಮನೆಯ ಟಿವಿಯಲ್ಲಿ, ಮೊಬೈಲಿನಲ್ಲಿ ಅಲ್ಲ. ಒಂದು ಸಂಜೆಗೆ ಒಂದೇ ಕಂತು. ಮೊದಲ ಕಂತಿನ ಯುದ್ಧ ಮತ್ತು ಕೊಲೆ, ಸಾಲ ಕೊಟ್ಟವರು ಹುಡುಗಿಯನ್ನು ಹೊತ್ತೊಯ್ಯುವುದು, ಕೊನೆಕೊನೆಗೆ ಬರುವ ದುಷ್ಟ ಮಂತ್ರಿಯ ಪ್ರೇತ, ಇವುಗಳ ಬಗ್ಗೆ ಮೊದಲೇ ಹೇಳಿದ್ದೆ. ಅವನ್ನು ಅವಳು ಸಲೀಸಾಗಿ ದಾಟಿದಳು.

ಕಷ್ಟವಾದದ್ದು ಸಾವಿನ ವಿಷಯ. ‘ಏಳೇಳು ಜನ್ಮದ ನಂಟು’ ಎನ್ನುವುದನ್ನು ಕೇಳುತ್ತಲೇ ಬೆಳೆದ ನಮ್ಮ ಮಕ್ಕಳಿಗೆ ಈ ಕಥೆಯ ತರ್ಕವನ್ನು ಯಾರೂ ವಿವರಿಸಬೇಕಿಲ್ಲ. ಇಳಿಜಾರಿನಲ್ಲಿ ನುಗ್ಗಿ ಬರುವ ಲಾರಿಗೆ ತನ್ನ ಕಾರನ್ನು ಅಡ್ಡಹಾಕಿ ಪುಟ್ಟ ಮಕ್ಕಳನ್ನು ಉಳಿಸುವ ಉನ್‌ತಕ್ ಅಲ್ಲೇ ಸಾಯುತ್ತಾಳೆ, ಮತ್ತೆ ಹುಟ್ಟಿ ಕೆನಡಾದ ಕ್ವಿಬೆಕ್‌ನಲ್ಲಿ ಅವನನ್ನು ಸೇರುತ್ತಾಳೆ. ಅಷ್ಟು ಚೆಲುವಾದ ದೃಶ್ಯ ಸಾವನ್ನೇ ಹಗುರ ಮಾಡಿಬಿಡಬಹುದೆಂಬ ಅಳುಕು ನನ್ನದು. ಹಾಗಾಗಿ ಅದು ಮುಗಿದ ಮೇಲೆ ನಾವು ಮಾತನಾಡಿದ್ದು ಕಿಮ್ ಶಿನ್ ಒಂಟಿಯಾಗಿ ಕಳೆದ ಕಾಲದ ಬಗ್ಗೆ. ಅವಳಿಗೆ ಹಿಂದಿನದು ಮರೆಯಬಹುದಿತ್ತು, ಕಾಯುವ ನೋವೆಲ್ಲ ಉಳಿದವನ ಪಾಲು.

ಕಥೆಯಲ್ಲಿ ಹಿಂದಿನ ಜನ್ಮದಲ್ಲಿ ತಮ್ಮ ಪ್ರಾಣ ತಾವೇ ಕಳೆದುಕೊಂಡವರು ಹೆಸರು, ನೆನಪು ಎರಡೂ ಇಲ್ಲದ ಯಮದೂತರಾಗಿ ದುಡಿಯುತ್ತಾರೆ. ಧಾರಾವಾಹಿ ಅದನ್ನು ಘೋರ ಪಾಪಕ್ಕೆ ಶಿಕ್ಷೆಯೆನ್ನುತ್ತದೆ. ಇದನ್ನು ನಾನು ಒಪ್ಪಲಾರೆ. ಒಳಗೇ ಬೇಯುತ್ತಿರುವ ಮಗು ‘ಪಾಪ’ ಎಂಬ ಮಾತು ಕೇಳಿದರೆ ಇನ್ನಷ್ಟು ಬಚ್ಚಿಡುತ್ತದೆ. ಆ ಸಂಜೆ ಟಿವಿ ನಿಲ್ಲಿಸಿ ಮಗಳಿಗೆ ಹೇಳಿದೆ: ಬದುಕು ಬೇಡ ಅನ್ನಿಸುವುದು ಪಾಪವಲ್ಲ, ಸಂಕಟ, ನನಗೆ ಹೇಳು, ನನಗೆ ಹೇಳಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು. ಸಂಖ್ಯೆಯನ್ನು ಅವಳ ಮೊಬೈಲಿನಲ್ಲಿ ಆಗಲೇ ಸೇರಿಸಿದೆವು.

ಹದಿನೈದು ದಾಟಿದವರಿಗೆ, ಪಕ್ಕದಲ್ಲಿ ಹಿರಿಯರೊಬ್ಬರಿದ್ದರೆ, ತೋರಿಸಿ ಎನ್ನುತ್ತೇನೆ. ಮನೆಯಲ್ಲಿ ಈಚೆಗೆ ಅಂಥ ಸಾವಾಗಿದ್ದರೆ ಖಂಡಿತ ಬೇಡ. ಅಕ್ಕನ ಮಗಳಿಗಿನ್ನೂ ಹನ್ನೆರಡು. ಅವಳಿಗೂ ಸದ್ಯಕ್ಕೆ ಬೇಡವೆಂದು ಅಕ್ಕನಿಗೆ ಹೇಳಿದ್ದೇನೆ.