ಮರೆತ ವೈಫೈ ಪಾಸ್‌ವರ್ಡ್ ಲ್ಯಾಪ್‌ಟಾಪಿನಲ್ಲೇ ಸಿಕ್ಕಿತು

ಅಪ್ಪನ ಹೊಸ ಮೊಬೈಲಿಗೆ ಮನೆಯ ವೈಫೈ ಜೋಡಿಸಬೇಕಿತ್ತು. ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ರೂಟರ್ ರೀಸೆಟ್ ಮಾಡೋಣ ಎಂದ ತಮ್ಮನನ್ನು ತಡೆದೆ. ಹಾಗೆ ಮಾಡಿದರೆ ಇಂಟರ್ನೆಟ್ ಸಂಪರ್ಕದ ಸೆಟ್ಟಿಂಗುಗಳೂ ಅಳಿಸಿಹೋಗಬಹುದು. ಆಮೇಲೆ ಕಂಪನಿಯವರ ದಾರಿ ಕಾಯುತ್ತ ಕೂರಬೇಕು.

ನನ್ನ ವಿಂಡೋಸ್ 10 ಲ್ಯಾಪ್‌ಟಾಪ್ ಅದೇ ವೈಫೈಗೆ ತಾನಾಗಿ ಸೇರಿಕೊಳ್ಳುತ್ತಿತ್ತು. ಅಂದಮೇಲೆ ಪಾಸ್‌ವರ್ಡ್ ಅದರೊಳಗೆ ಇರಲೇಬೇಕು! ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್’ ತೆರೆದು, ನೀಲಿ ಅಕ್ಷರದಲ್ಲಿದ್ದ ನಮ್ಮ ವೈಫೈ ಹೆಸರನ್ನು ಒತ್ತಿದೆ. ತೆರೆದ ಪುಟ್ಟ ಕಿಟಕಿಯಲ್ಲಿ ‘ವೈರ್‌ಲೆಸ್ ಪ್ರಾಪರ್ಟೀಸ್’, ಅದರೊಳಗೆ ‘ಸೆಕ್ಯುರಿಟಿ’. ಪಾಸ್‌ವರ್ಡ್ ಜಾಗದಲ್ಲಿ ಸಾಲಾಗಿ ಕಪ್ಪು ಚುಕ್ಕೆಗಳು. ಕೆಳಗಿನ ‘ಶೋ ಕ್ಯಾರೆಕ್ಟರ್ಸ್’ ಚೌಕಕ್ಕೆ ಗುರುತು ಹಾಕಿದ ತಕ್ಷಣ ಚುಕ್ಕೆಗಳೆಲ್ಲ ಅಕ್ಷರಗಳಾದವು. ಬರೆದುಕೊಳ್ಳುವಾಗ ಸೊನ್ನೆ ಯಾವುದು, ಇಂಗ್ಲಿಷಿನ ‘ಓ’ ಯಾವುದು ಎಂದು ಕಣ್ಣಿಟ್ಟು ನೋಡಿ; ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ.

ಇದಕ್ಕೆ ಅಡ್ಮಿನಿಸ್ಟ್ರೇಟರ್ ಅನುಮತಿ, ಅಂದರೆ ಕಂಪ್ಯೂಟರಿನ ಮೇಲೆ ಪೂರ್ಣ ಅಧಿಕಾರವಿರುವ ಖಾತೆಯ ಅನುಮತಿ ಬೇಕು. ಕಚೇರಿಯವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಅದು ಸಾಮಾನ್ಯವಾಗಿ ಸಿಗುವುದಿಲ್ಲ, ಮನೆಯ ಕಂಪ್ಯೂಟರನ್ನೇ ಹುಡುಕಿಕೊಳ್ಳಿ. ಆಪಲ್‌ನ ಮ್ಯಾಕ್ ಕಂಪ್ಯೂಟರ್ ಇದ್ದವರು ಪಾಸ್‌ವರ್ಡ್‌ಗಳನ್ನು ಕಾಪಿಡುವ ‘ಕೀಚೈನ್ ಆಕ್ಸೆಸ್’ ಆ್ಯಪ್‌ನಲ್ಲಿ ವೈಫೈ ಹೆಸರು ಹುಡುಕಿ, ‘ಶೋ ಪಾಸ್‌ವರ್ಡ್’ ಒತ್ತಿ, ಕಂಪ್ಯೂಟರಿನ ಪಾಸ್‌ವರ್ಡ್ ಕೊಟ್ಟರೆ ಕೆಲಸ ಮುಗಿಯುತ್ತದೆ.