ಪೆಡಲ್ ದೋಣಿಗೆ ಪ್ರೊಪೆಲ್ಲರ್: ನೀರಿನಿಂದ ಕಾಲಿನವರೆಗೆ ಲೆಕ್ಕ ಹಾಕಿ

ಮೈಸೂರಿನ ಕಾರಂಜಿ ಕೆರೆಯಂಥ ಕಡೆ ಬಾಡಿಗೆಗೆ ಸಿಗುವ ಪೆಡಲ್ ದೋಣಿ ತುಳಿದವರಿಗೆ ಗೊತ್ತು, ಹತ್ತೇ ನಿಮಿಷಕ್ಕೆ ತೊಡೆ ಬಿಗಿಯುತ್ತದೆ, ಹಿಂತಿರುಗಿ ನೋಡಿದರೆ ದಡ ಇನ್ನೂ ಅಲ್ಲೇ ಇರುತ್ತದೆ. ಇದು ಕಾಲಿನ ತಪ್ಪಲ್ಲ. ಆ ದೋಣಿಗಳ ತಳ ಅಗಲ, ತಿರುಗುವುದು ಹಲಗೆಯ ಚಕ್ರ. ಹಲಗೆ ನೀರಿಗಿಳಿಯುವಾಗ ನೀರನ್ನು ಕೆಳಕ್ಕೆ ಒತ್ತುತ್ತದೆ, ಏಳುವಾಗ ಮೇಲಕ್ಕೆ ಎತ್ತಿ ಚೆಲ್ಲುತ್ತದೆ. ನಡುವಿನ ಸ್ವಲ್ಪ ಹೊತ್ತು ಮಾತ್ರ ದೋಣಿಯನ್ನು ಮುಂದಕ್ಕೆ ನೂಕುತ್ತದೆ. ಆಳವಿಲ್ಲದ ಕೆರೆಗೆ, ಮಕ್ಕಳ ವಿಹಾರಕ್ಕೆ ಅದೇ ಸರಿ. ಹಿನ್ನೀರಿನಲ್ಲಿ ಮೈಲುಗಟ್ಟಲೆ ಹೋಗುವ ಆಸೆ ಇದ್ದರೆ ಪ್ರೊಪೆಲ್ಲರೇ ಬೇಕು. 1845ರಲ್ಲಿ ಬ್ರಿಟಿಷ್ ನೌಕಾಪಡೆ ಹಲಗೆಚಕ್ರದ ‘ಅಲೆಕ್ಟೊ’ವನ್ನೂ ಪ್ರೊಪೆಲ್ಲರಿನ ‘ರ‍್ಯಾಟ್ಲರ್’ ಅನ್ನೂ ಹಿಂಬದಿಗೆ ಹಿಂಬದಿ ಕಟ್ಟಿ ಎಳೆಸಿತ್ತು. ಪ್ರೊಪೆಲ್ಲರಿನ ಹಡಗು ಇನ್ನೊಂದನ್ನು ಹಿಮ್ಮುಖವಾಗಿ ಎಳೆದುಕೊಂಡು ಹೋಯಿತು.

ದೋಣಿ ಕಟ್ಟಲು ಹೊರಟವರು ಸಾಮಾನ್ಯವಾಗಿ ಹಳೆ ಸೈಕಲ್ಲಿನ ಪೆಡಲು, ಚೈನು ಬಿಚ್ಚಿಟ್ಟುಕೊಂಡು ಕೆಲಸ ಶುರು ಮಾಡುತ್ತಾರೆ. ಕೈಗೆ ಸಿಕ್ಕ ಪ್ರೊಪೆಲ್ಲರನ್ನು ಕೊನೆಗೆ ಸಿಕ್ಕಿಸುತ್ತಾರೆ. ಇದನ್ನು ತಿರುವುಮುರುವು ಮಾಡಬೇಕು ಎಂಬುದೇ ಈ ಲೇಖನದ ಒತ್ತಾಯ. ಮೊದಲು ದೋಣಿ, ಆಮೇಲೆ ಪ್ರೊಪೆಲ್ಲರ್, ಅದಾದ ಮೇಲೆ ಹಲ್ಲುಗಳ ಲೆಕ್ಕ. ಚೈನು ಕಟ್ಟಕಡೆಗೆ.

ದೋಣಿ ಎಷ್ಟು ಎಳೆಯುತ್ತದೆ?

ಸಾಮಾನ್ಯ ಆರೋಗ್ಯವಂತರು ಗಂಟೆಗಟ್ಟಲೆ ತುಳಿಯುತ್ತ ಕೊಡಬಲ್ಲ ಶಕ್ತಿ 75ರಿಂದ 100 ವ್ಯಾಟ್. ನಿಮ್ಮ ಎಂಜಿನ್ನು ಇಷ್ಟೇ. ಆದ್ದರಿಂದ ದೋಣಿ ಉದ್ದವಾಗಿ, ಸಪೂರವಾಗಿ, ಹಗುರವಾಗಿ ಇರಲಿ.

ಗಾಳಿಯಿಲ್ಲದ ಬೆಳಗ್ಗೆ ಆ ದೋಣಿಯಲ್ಲಿ ನೀವು ಕುಳಿತು, ಇನ್ನೊಂದು ದೋಣಿಯಿಂದ ಹಗ್ಗ ಕಟ್ಟಿ ಎಳೆಸಿಕೊಳ್ಳಿ. ಹಗ್ಗದ ನಡುವೆ ಗುಜರಿಯವರು ಹಳೆ ಪೇಪರ್ ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಇರಲಿ. ವೇಗವನ್ನು ಫೋನಿನ ಜಿಪಿಎಸ್ ತೋರಿಸುತ್ತದೆ. ಗಂಟೆಗೆ 7.2 ಕಿ.ಮೀ., ಅಂದರೆ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ತಕ್ಕಡಿ 3 ಕೆ.ಜಿ. ತೋರಿಸಿತು ಎನ್ನಿ. ಅದು ಸುಮಾರು 30 ನ್ಯೂಟನ್ ಬಲ; ವೇಗದಿಂದ ಗುಣಿಸಿದರೆ 60 ವ್ಯಾಟ್. ಪ್ರೊಪೆಲ್ಲರಿನಲ್ಲಿ, ಚೈನು–ಗೇರುಗಳಲ್ಲಿ ಸೋರಿಹೋಗುವುದನ್ನು ಸೇರಿಸಿದರೆ ಕಾಲು ಕೊಡಬೇಕಾದದ್ದು 80 ವ್ಯಾಟ್ ಚಿಲ್ಲರೆ. ಇದು ನಡೆಯುವ ಲೆಕ್ಕ. ಇನ್ನೂ ಸ್ವಲ್ಪ ಜೋರಾಗಿ, ಗಂಟೆಗೆ 9 ಕಿ.ಮೀ. ಹೋಗೋಣ ಎಂದರೆ? ನೀರಿನಲ್ಲಿ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವೇಗದ ಘನದಂತೆ ಏರುತ್ತದೆ. ಕಾಲುಭಾಗ ವೇಗ ಹೆಚ್ಚಿಸಲು ಶಕ್ತಿ ಸುಮಾರು ಎರಡರಷ್ಟು ಬೇಕು. ಹಾಗಾಗಿ 7 ಕಿ.ಮೀ.ಗೆ ತೃಪ್ತರಾಗಿ ಮುಂದುವರಿಯಿರಿ.

ದೊಡ್ಡದು, ನಿಧಾನವಾದದ್ದು

ಮೋಟಾರು ದೋಣಿಯ ಗಿಡ್ಡ, ಅಗಲ ಎಲೆಗಳ ಪ್ರೊಪೆಲ್ಲರನ್ನು ದಯವಿಟ್ಟು ತರಬೇಡಿ. ಅದು ಸಾವಿರಾರು ಸುತ್ತು ತಿರುಗುವ ಎಂಜಿನ್ನಿಗೆ ಮಾಡಿದ್ದು. ಸ್ವಲ್ಪ ನೀರನ್ನು ರಭಸದಿಂದ ಹಿಂದೆಸೆಯುವುದಕ್ಕಿಂತ ಬಹಳ ನೀರನ್ನು ಮೆಲ್ಲಗೆ ತಳ್ಳಿದರೆ ಶಕ್ತಿ ಉಳಿಯುತ್ತದೆ. ವ್ಯಾಸ ದೊಡ್ಡದಿರಲಿ, ಎಲೆಗಳು ಎರಡೇ ಇರಲಿ, ಅವು ಸಪೂರವಾಗಿ ತೆಳ್ಳಗಿರಲಿ. 1991ರ ಅಕ್ಟೋಬರಿನಲ್ಲಿ ಅಮೆರಿಕದ ತಂತ್ರಜ್ಞಾನ ಸಂಸ್ಥೆ ಎಂಐಟಿಯ ಮಾರ್ಕ್ ಡ್ರೆಲಾ ‘ಡೆಕಾವಿಟೇಟರ್’ ತುಳಿದು 100 ಮೀಟರನ್ನು 18.5 ನಾಟ್, ಅಂದರೆ ಗಂಟೆಗೆ 34 ಕಿ.ಮೀ. ವೇಗದಲ್ಲಿ ದಾಟಿದಾಗಲೂ ಇದೇ ತತ್ವ ನಡೆದಿತ್ತು. ಆ ದೋಣಿ ನೀರೊಳಗಿನ ರೆಕ್ಕೆಗಳ ಮೇಲೆ ಎದ್ದು ಓಡುತ್ತಿತ್ತು. ಅದರ ಪ್ರೊಪೆಲ್ಲರ್ ಇದ್ದದ್ದು ಗಾಳಿಯಲ್ಲಿ, ವ್ಯಾಸ ಸುಮಾರು 3 ಮೀಟರ್!

ನಮಗೆ ನೀರಿನಲ್ಲಿ 40 ಸೆಂ.ಮೀ. ವ್ಯಾಸ ಸಾಕು. ಮಾದರಿ ವಿಮಾನಗಳಿಗೆ ಬರುವ, 16 ಇಂಚು ವ್ಯಾಸದ, 16 ಇಂಚು ಪಿಚ್ಚಿನ ಪ್ರೊಪೆಲ್ಲರನ್ನೇ ಬಹಳಷ್ಟು ಹವ್ಯಾಸಿಗಳು ಬಳಸುತ್ತಾರೆ. ಪಿಚ್ ಎಂದರೆ ಮರಕ್ಕೆ ಹೊಗುವ ಸ್ಕ್ರೂವಿನಂತೆ ಜಾರದೆ ಹೋದರೆ ಒಂದು ಸುತ್ತಿಗೆ ಎಷ್ಟು ಮುಂದೆ ಸಾಗುತ್ತದೆ ಎಂಬುದು. ಇಲ್ಲಿ ಸುಮಾರು 41 ಸೆಂ.ಮೀ. ಅಲ್ಯೂಮಿನಿಯಂ ಪಟ್ಟಿ ತಿರುಚಿ ನೀವೇ ಮಾಡುವುದಾದರೆ ಪಿಚ್ಚನ್ನು ಎಲೆಯ ಆ ಜಾಗ ಸುತ್ತುವ ವೃತ್ತದ ಪರಿಧಿಯಿಂದ ಭಾಗಿಸಿ, ಬಂದದ್ದು ಯಾವ ಕೋನದ ಟ್ಯಾನ್ (tan) ಬೆಲೆಯೋ ಆ ಕೋನ ಹಿಡಿಯಿರಿ. ನಡುವಿನಿಂದ 10 ಸೆಂ.ಮೀ. ದೂರದಲ್ಲಿ 33 ಡಿಗ್ರಿ, 15ರಲ್ಲಿ 23–24, ತುದಿಯಲ್ಲಿ 18. ಎಲ್ಲ ಕಡೆ ಒಂದೇ ಕೋನ ಇಟ್ಟರೆ ಬುಡವೋ ತುದಿಯೋ ನೀರನ್ನು ಸುಮ್ಮನೆ ಕಡೆಯುತ್ತಿರುತ್ತದೆ.

ಹಲ್ಲುಗಳ ಲೆಕ್ಕ

ಪ್ರೊಪೆಲ್ಲರ್ ನಿಮಿಷಕ್ಕೆ 330 ಸುತ್ತು ತಿರುಗಿದರೆ, ಸುಮಾರು ಹತ್ತರಲ್ಲೊಂದು ಪಾಲು ಜಾರಿಕೆ ಕಳೆದು, ಸೆಕೆಂಡಿಗೆ 2 ಮೀಟರ್ ಸಿಗುತ್ತದೆ. ಕಾಲು ಆರಾಮವಾಗಿ ತಿರುಗುವುದು ನಿಮಿಷಕ್ಕೆ 60 ಸುತ್ತು. ಅಂದರೆ ಐದೂವರೆ ಪಟ್ಟು ಏರಿಸಬೇಕು. ಪೆಡಲಿಗೆ 44 ಹಲ್ಲಿನ ಚಕ್ರ, ಅಡ್ಡ ಶಾಫ್ಟಿಗೆ 16 ಹಲ್ಲಿನದು ಹಾಕಿದರೆ 2.75 ಪಟ್ಟು. ಆಮೇಲೆ ಒಂದಕ್ಕೆ ಎರಡರ ಬೆವೆಲ್ ಗೇರ್ ಪೆಟ್ಟಿಗೆ ಬಂದರೆ 5.5. ಅಡ್ಡಲಾಗಿದ್ದ ತಿರುಗಾಟವನ್ನು ದೋಣಿಯ ಉದ್ದಕ್ಕೆ ತಿರುಗಿಸುವ ಕೆಲಸವನ್ನೂ ಆ ಪೆಟ್ಟಿಗೆಯೇ ಮಾಡುತ್ತದೆ.

ಪೆಡಲಿನಿಂದ ಶಕ್ತಿ ಸಾಗುವ ದಾರಿಯಲ್ಲಿ ಚೈನು ಮೊದಲು, ಗೇರು ಆಮೇಲೆ ಎಂಬ ಕ್ರಮ ಮುಖ್ಯ. 100 ವ್ಯಾಟ್ ಕೊಡುವಾಗ ಪೆಡಲಿನ ಅಚ್ಚಿನಲ್ಲಿ ಸರಾಸರಿ 16 ನ್ಯೂಟನ್ ಮೀಟರ್ ತಿರುಚು (ಟಾರ್ಕ್, ಅಂದರೆ ತಿರುಗಿಸುವ ಬಲ) ಇರುತ್ತದೆ, ಒಂದೊಂದು ತುಳಿತದಲ್ಲಿ ಅದರ ಎರಡರಷ್ಟು. ಚೈನು ದಾಟಿದ ಮೇಲೆ ಅದು 6ಕ್ಕೆ ಇಳಿದಿರುತ್ತದೆ. ಸಣ್ಣ ಗೇರಿನ ಹಲ್ಲು ಆಗ ಬಾಳಿಕೆ ಬರುತ್ತದೆ.

ಹಿಂದಕ್ಕೆ ತುಳಿದರೆ ಬರಿದೇ ತಿರುಗುವ ಸೈಕಲ್ಲಿನ ಫ್ರೀವೀಲ್ ಹಾಕಬೇಡಿ, ಗಟ್ಟಿ ಕೂತ ಹಲ್ಲುಚಕ್ರ ಹಾಕಿಸಿ. ನಮ್ಮ ಕೆರೆಗಳಲ್ಲಿ ಅಂತರಗಂಗೆ, ಪಾಚಿ, ಪ್ಲಾಸ್ಟಿಕ್ ಚೀಲ ಎಲ್ಲವೂ ಎಲೆಗೆ ಸುತ್ತಿಕೊಳ್ಳುತ್ತವೆ. ಹಿಂದಕ್ಕೆ ತುಳಿದರೆ ಅರ್ಧ ಕಸ ಬಿಚ್ಚಿಕೊಳ್ಳುತ್ತದೆ. ದೋಣಿ ನಿಲ್ಲಿಸಲೂ ಅದೇ ದಾರಿ.

ಕಟ್ಟುವಾಗ ಸೀಟನ್ನೂ ಪೆಡಲನ್ನೂ ಒಂದೇ ಉಕ್ಕಿನ ಚೌಕಟ್ಟಿಗೆ ಬೆಸೆಯಿರಿ. ಒರಗಿ ಕುಳಿತು ತುಳಿಯುವಾಗ ಬೆನ್ನು ಸೀಟನ್ನು ಒತ್ತುತ್ತದೆ, ಪಾದ ಪೆಡಲನ್ನು ಒತ್ತುತ್ತದೆ. ಇವೆರಡೂ ದೋಣಿಯ ತೆಳು ಮೈಗೆ ಬಿದ್ದರೆ ಅದು ಬಳುಕುತ್ತದೆ, ಚೈನು ಕಳಚುತ್ತದೆ.

ಪ್ರೊಪೆಲ್ಲರಿನ ಶಾಫ್ಟ್ ದಪ್ಪಗಿರಬೇಕಿಲ್ಲ. ಅಲ್ಲಿಗೆ ತಲುಪುವ ತಿರುಚು 3 ನ್ಯೂಟನ್ ಮೀಟರಿನೊಳಗೆ, 10 ಮಿ.ಮೀ. ಸ್ಟೇನ್‌ಲೆಸ್ ಸರಳು ಧಾರಾಳ ಸಾಕು. ಅದು ದೋಣಿಯ ತಳ ದಾಟುವ ಕಡೆ ಒಂದು ಕೊಳವೆ ಕೂರಿಸಿ, ಕೊಳವೆಯ ಮೇಲ್ಬಾಯಿ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿರಲಿ. ಆಗ ನೀರು ತಡೆಯುವ ಸೀಲಿನ ಗೊಡವೆಯೇ ಇಲ್ಲ. ಶಾಫ್ಟ್ ಓರೆಯಾಗಿ ಇಳಿಯುತ್ತದೆ. 10 ಡಿಗ್ರಿಯವರೆಗೆ ಚಿಂತೆಯಿಲ್ಲ. ನುರಿತವರು ತೆಳು ಸರಳನ್ನು ಬಿಲ್ಲಿನಂತೆ ಬಾಗಿಸಿ ಪ್ರೊಪೆಲ್ಲರನ್ನು ನೇರ ಮಾಡುತ್ತಾರೆ, ಆದರೆ ಬಾಗಿದ ಸರಳು ಪ್ರತಿ ಸುತ್ತಿಗೂ ಮಣಿದು ದಣಿಯುತ್ತದೆ. ಮೊದಲ ದೋಣಿಗೆ ನೇರ ಶಾಫ್ಟೇ ಇರಲಿ. ಎಲೆಯ ತುದಿ ನೀರಿನ ಮೇಲ್ಮೈಗಿಂತ ಒಂದು ಗೇಣಾದರೂ ಕೆಳಗಿರಬೇಕು, ಇಲ್ಲದಿದ್ದರೆ ಗಾಳಿ ಎಳೆದುಕೊಂಡು ಬರಿದೇ ಸುತ್ತುತ್ತದೆ.

ವೆಲ್ಡಿಂಗ್ ಮಾಡಿಸುವ ಮುನ್ನ ದಿಕ್ಕು ನೋಡಿಕೊಳ್ಳಿ. ಮಾದರಿ ವಿಮಾನದ ಸಾಮಾನ್ಯ ಪ್ರೊಪೆಲ್ಲರ್, ದೋಣಿಯ ಹಿಂದೆ ನಿಂತು ನೋಡಿದರೆ, ಗಡಿಯಾರದ ಮುಳ್ಳಿನಂತೆ ತಿರುಗಬೇಕು. ಎಲೆಯ ಉಬ್ಬಿದ ಮುಖ ದೋಣಿಯ ಮೂತಿಯ ಕಡೆಗಿರಬೇಕು.

ನೀರಿಗಿಳಿಸುವಾಗ ಲೈಫ್ ಜಾಕೆಟ್ ತೊಟ್ಟಿರಿ, ಜೊತೆಗೊಂದು ದೋಣಿ ಇರಲಿ. ಈ ತೆಳು ಎಲೆಗಳು ಕೊಯ್ಯುತ್ತವೆ. ಈಜುವವರು ಹತ್ತಿರ ಇರಬಾರದು. 60 ಸುತ್ತು ತುಳಿಯುವಾಗ ಕಾಲಿಗೆ ಭಾರವೇ ತಿಳಿಯದಿದ್ದರೆ 16 ಹಲ್ಲಿನ ಜಾಗಕ್ಕೆ 14 ಹಲ್ಲಿನದನ್ನು ಹಾಕಿ. ಮಂಡಿ ನೋಯುವಷ್ಟು ಬಿಗಿಯಾಗಿದ್ದರೆ 18 ಹಾಕಿ. ಚೈನನ್ನು ಎರಡು ಕೊಂಡಿ ಉದ್ದವೇ ಕೊಂಡುಕೊಳ್ಳಿ, ಈ ಬದಲಾವಣೆ ಒಂದೆರಡು ಸಲ ಆಗಿಯೇ ಆಗುತ್ತದೆ.